ಎರಡು ಬಿಟ್ಟರೆ ಸರಿಹೋಗುತ್ತಾನೆ

ಕಳೆದ ವರ್ಷ ಡೊಂಬಿವಲಿಯ ಸಭಾಗೃಹವೊಂದರಲ್ಲಿ ನಮ್ಮವರದೇ ಒಂದು ಸಾಹಿತ್ಯ ಕಾರ್ಯಕ್ರಮವಿತ್ತು. ಊರಿನಿಂದ ಬಂದ ಅತಿಥಿಗಳು ಮಾತನಾಡುತ್ತಿದ್ದರು. ಎಂಟು ವರ್ಷದ ಹುಡುಗನೊಬ್ಬ ಕುರ್ಚಿಗಳ ನಡುವಿನಿಂದ ಓಡಿಬಂದು ವೇದಿಕೆಯ ಮೆಟ್ಟಿಲು ಹತ್ತಿದ, ಧ್ವನಿವರ್ಧಕದ ತಂತಿಯನ್ನು ಮುಟ್ಟಿ ನೋಡಿದ, ಇಳಿದ, ಮುಂದಿನ ಸಾಲಿನಲ್ಲಿದ್ದ ಯಾರದೋ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ಹತ್ತಿದ. ತಾಯಿ ಮೂರು ಸಲ ಎದ್ದುಬಂದು ಅವನನ್ನು ಎಳೆದೊಯ್ದರು. ನಾಲ್ಕನೆಯ ಸಲ ಅವರು ಏಳುವ ಹೊತ್ತಿಗೆ ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ, "ಎರಡು ಬಿಟ್ಟರೆ ಸರಿಹೋಗುತ್ತಾನಮ್ಮ, ನಮ್ಮ ಕಾಲದಲ್ಲಿ ನಮಗೆಲ್ಲ ಬುದ್ಧಿ ಬಂದದ್ದು ಹಾಗೆಯೇ" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆಕೆ ಮಗನ ಕೈ ಹಿಡಿದುಕೊಂಡು, ಚಹಾಕ್ಕೂ ನಿಲ್ಲದೆ ಹೊರಟುಹೋದರು.

ಅವರು ನಮ್ಮ ಪಕ್ಕದ ಕಟ್ಟಡದವರೆಂಬುದು, ಒಂದೂವರೆ ವರ್ಷದ ಅಲೆದಾಟದ ಬಳಿಕ ಆ ಹುಡುಗನಿಗೆ ಎಡಿಎಚ್‌ಡಿ ಇದೆಯೆಂದು ವೈದ್ಯರು ಹೇಳಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಆದ್ದರಿಂದ ಈ ಬರಹವನ್ನು ನನ್ನ ಆ ನಗುವಿಗೆ ಒಪ್ಪಿಸುವ ತಪ್ಪುಕಾಣಿಕೆ ಎಂದು ತಿಳಿದರೂ ಅಡ್ಡಿಯಿಲ್ಲ. ಆದರೆ ತಪ್ಪು ನನ್ನೊಬ್ಬನದಲ್ಲ. ಠಾಣೆಯಿಂದ ಕಲ್ಯಾಣದವರೆಗೆ, ಆಚೆ ನವಿಮುಂಬಯಿಯಲ್ಲಿ ನಾವು ಕಟ್ಟಿಕೊಂಡಿರುವ ಕನ್ನಡದ ಪುಟ್ಟ ಲೋಕದಲ್ಲಿ ಈ ಒಂದು ವಿಷಯದ ಬಗ್ಗೆ ಓದಿದವರೂ ಓದದವರೂ ಒಂದೇ ಬಗೆಯಲ್ಲಿ ಮಾತನಾಡುತ್ತಾರೆ. ಆ ಮಾತು ತಪ್ಪು ಎಂಬುದಷ್ಟೇ ನನ್ನ ತಕರಾರಲ್ಲ. ಅದು ಒಂದು ಮಗುವಿನ ಅಶಕ್ತಿಯನ್ನು ಅದರ ನಡತೆಯ ದೋಷವೆಂದು ಓದುತ್ತದೆ, ಆ ದೋಷದ ಲೆಕ್ಕವನ್ನು ತಾಯಿಯ ಖಾತೆಗೆ ಬರೆಯುತ್ತದೆ. ಜಗಳವಿರುವುದು ಅದರೊಂದಿಗೆ.

ಇದು ಮೊನ್ನೆ ಮೊನ್ನೆ ಅಮೆರಿಕದಿಂದ ಇಳಿದ ಕಾಯಿಲೆ, ನಮ್ಮ ಕಾಲದಲ್ಲಿ ಇರಲಿಲ್ಲ ಎಂಬ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. 1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್, ಯಾವ ಒಂದು ವಸ್ತುವಿನ ಮೇಲೂ ಮನಸ್ಸು ನಿಲ್ಲದ, ಹುಟ್ಟಿನಿಂದಲೇ ಬರಬಹುದಾದ ಸ್ಥಿತಿಯೊಂದನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. 1840ರ ದಶಕದಲ್ಲಿ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಖ್ ಹಾಫ್‌ಮನ್ ಮಕ್ಕಳಿಗಾಗಿ ರಚಿಸಿದ ಚಿತ್ರಪದ್ಯಗಳಲ್ಲಿ ಊಟದ ಮೇಜಿನಲ್ಲಿ ಕೂರಲಾರದ ಫಿಲಿಪ್ ಎಂಬ ಹುಡುಗನಿದ್ದಾನೆ. ಅವನು ಕುರ್ಚಿಯನ್ನು ತೂಗಿ ತೂಗಿ ಕೊನೆಗೆ ಮೇಜುಬಟ್ಟೆಯ ಸಮೇತ ಊಟವನ್ನೆಲ್ಲ ನೆಲಕ್ಕೆ ಕೆಡವುತ್ತಾನೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್ ಮೂರು ಉಪನ್ಯಾಸಗಳನ್ನು ಕೊಟ್ಟು, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ ಮಕ್ಕಳನ್ನು ವರ್ಣಿಸಿದ. ಅದಕ್ಕೆ ಅವನಿಟ್ಟ ಹೆಸರು 'ನೈತಿಕ ನಿಯಂತ್ರಣದ ದೋಷ'. ಆ 'ನೈತಿಕ' ಎಂಬ ಪದವೇ ಇಡೀ ಪ್ರಕರಣದ ಕೀಲು. ವೈದ್ಯಶಾಸ್ತ್ರ ಅದನ್ನು ಕ್ರಮೇಣ ಕೈಬಿಟ್ಟಿತು. 1968ರಲ್ಲಿ ಹೆಸರು ಚಟುವಟಿಕೆಯ ಅತಿರೇಕವನ್ನು ಮುಂದಿಟ್ಟಿತು, 1980ರಲ್ಲಿ ಗಮನದ ಕೊರತೆಯನ್ನು. 1987ರಲ್ಲಿ ಎರಡೂ ಸೇರಿ ಇಂದಿನ ಹೆಸರಾಯಿತು. ಶಾಸ್ತ್ರ ಇಷ್ಟು ಸಲ ತನ್ನನ್ನು ತಿದ್ದಿಕೊಂಡಿತು. ನಮ್ಮ ಸಭೆಗಳ ಮುಂದಿನ ಸಾಲು ಮಾತ್ರ ಇನ್ನೂ 1902ರಲ್ಲೇ ಕುಳಿತಿದೆ.

ಕನ್ನಡದಲ್ಲಿ ಇಂಥ ಮಕ್ಕಳಿಗೆ ಹೆಸರುಗಳಿಗೇನು ಬರ? ತುಂಟ, ಉಡಾಳ, ಪೋಕರಿ, ಕಿಡಿಗೇಡಿ, ಕಪಿ, ಕಾಲಿಗೆ ಚಕ್ರ ಕಟ್ಟಿಕೊಂಡವನು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂತರೆ ಸೋಮಾರಿ, ಮಂಕ. ಮೊದಲೆರಡರಲ್ಲಿ ಸ್ವಲ್ಪ ಮುದ್ದೂ ಇದೆಯೆನ್ನಿ, ಆದರೆ ಆ ಮುದ್ದು ಆರು ವರ್ಷದವರೆಗೆ ಮಾತ್ರ. ಮನಸ್ಸನ್ನು ಮರ್ಕಟಕ್ಕೆ ಹೋಲಿಸುವುದು ವಚನಕಾರರಿಂದ ದಾಸರವರೆಗೆ ನಮ್ಮ ಸಾಹಿತ್ಯದ ಹಳೆಯ ರೂಢಿ. ಅಲೆದಾಡುವ ಮನಸ್ಸು ನಮಗೆ ಯಾವಾಗಲೂ ಸಾಧನೆಯ ಕೊರತೆ, ಅಂದರೆ ಗೆಲ್ಲಬೇಕಾದ ಒಂದು ದೌರ್ಬಲ್ಯ. ಪ್ರೌಢನಾದ ಸಾಧಕನಿಗೆ ಅದು ಸರಿಯಾದ ಮಾತೇ ಇರಬಹುದು. ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸಿನ ಚಾಂಚಲ್ಯದ ಬಗ್ಗೆ ದೂರುವ ಅರ್ಜುನ ಪ್ರೌಢ. ಆದರೆ ಅಲ್ಲಿಯೂ ಕೃಷ್ಣ ಮೊದಲು ಅವನ ಕಷ್ಟ ನಿಜವೆಂದು ಒಪ್ಪಿಕೊಂಡು, ಆಮೇಲೆ ಅಭ್ಯಾಸದ ಮಾತು ಎತ್ತುತ್ತಾನೆ. ಎಂಟು ವರ್ಷದವನ ಮುಂದೆ ನಾವು ಆ ಮೊದಲ ಅರ್ಧವನ್ನು ಬಿಟ್ಟು ಎರಡನೆಯ ಅರ್ಧವನ್ನಷ್ಟೇ ಹೇಳುತ್ತೇವೆ, ಅದನ್ನೂ ಕೆಲವೊಮ್ಮೆ ಕೈಯಿಂದ.

'ನಮ್ಮ ಕಾಲದಲ್ಲಿ ಇರಲಿಲ್ಲ' ಎಂಬುದಕ್ಕೆ ಮುಂಬಯಿ ಕನ್ನಡಿಗರ ಬಳಿ ಇನ್ನೊಂದು ವಿಶೇಷ ಸಾಕ್ಷಿ ಇದೆ. ಶಾಲೆಯಲ್ಲಿ ನಿಲ್ಲದೆ ಊರು ಬಿಟ್ಟು ಓಡಿಬಂದ ಹುಡುಗರು ಇಲ್ಲಿ ಕಪ್ಪು-ಬಶಿ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಹೋಟೆಲಿನ ಧಣಿಗಳಾದ ಕಥೆ ಅದು. ಅದು ಸುಳ್ಳಲ್ಲ. ಅಂಥವರ ಬೆವರಿನಿಂದಲೇ ನಮ್ಮ ಎಷ್ಟೋ ಸಂಘಗಳ ಕಟ್ಟಡಗಳು ಎದ್ದಿವೆ. ಆದರೆ ಅದು ಪೂರ್ತಿ ಕಥೆಯೂ ಅಲ್ಲ.

ನನ್ನ ಸೋದರಮಾವ ಹನ್ನೆರಡನೆಯ ವಯಸ್ಸಿಗೆ ಮುಂಬಯಿಯ ಬಸ್ಸು ಹತ್ತಿದವರು. ಶಾಲೆಯಲ್ಲಿ ಅವರ ಬೆನ್ನ ಮೇಲೆ ಬೀಳದ ಬೆತ್ತವಿರಲಿಲ್ಲವೆಂದು ಅಮ್ಮ ಹೇಳುತ್ತಿದ್ದರು. ಬೆತ್ತದಿಂದ ಸರಿಹೋಗುವುದಾಗಿದ್ದರೆ ಅವರು ತಾಲೂಕಿಗೇ ಮೊದಲಿಗರಾಗಬೇಕಿತ್ತು. ಹೋಟೆಲಿನಲ್ಲಿ ಅವರು ಬೆಳಗಿದರು. ಎಂಟು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ಒಳಗೆ ಕೂಗಿ ಹೇಳುತ್ತಿದ್ದರು, ಕೈಯಲ್ಲಿ ಐದು ತಟ್ಟೆ ಹಿಡಿದು ಓಡುತ್ತಿದ್ದರು, ಗಿರಾಕಿಗಳಿಗೆ ಅಚ್ಚುಮೆಚ್ಚು. ಗಲ್ಲಾದಲ್ಲಿ ಕೂರಿಸಿದ ದಿನ ಲೆಕ್ಕ ತಪ್ಪಿತು. ಮತ್ತೆ ಕೂರಿಸಿದಾಗ ಮತ್ತೆ ತಪ್ಪಿತು, ಕದ್ದರೆಂಬ ಅನುಮಾನ ಬಂತು, ಅವರು ಎಪ್ರನ್ ಬಿಚ್ಚಿ ಎಸೆದು ನಡೆದರು. ಇಪ್ಪತ್ತು ವರ್ಷಗಳಲ್ಲಿ ಎಷ್ಟು ಹೋಟೆಲು ಬದಲಾಯಿಸಿದರೆಂಬುದು ಅವರಿಗೇ ಗೊತ್ತಿರಲಿಲ್ಲ. ಕೊನೆಗೆ ಕಲ್ಯಾಣದ ಬಳಿ ಪಾಲುದಾರಿಕೆಯಲ್ಲಿ ಒಂದು ಕ್ಯಾಂಟೀನು ಹಿಡಿದರು. ಲೈಸೆನ್ಸಿನ ನವೀಕರಣದ ತಾರೀಕು ಮರೆತು ಅದೂ ಹೋಯಿತು, ಪಾಲುದಾರನ ಗೆಳೆತನವೂ ಹೋಯಿತು. ಸಾಯುವವರೆಗೂ ಮನೆಯಲ್ಲಿ ಅವರ ಹೆಸರು ಬಂದಾಗಲೆಲ್ಲ ಹಿಂದೆಯೇ ಬರುತ್ತಿದ್ದ ಮಾತು ಒಂದೇ: ಜವಾಬ್ದಾರಿಯಿಲ್ಲದವನು.

ಅವರಿಗೆ ಎಡಿಎಚ್‌ಡಿ ಇತ್ತೆಂದು ಹೇಳುವ ಅಧಿಕಾರ ನನಗಿಲ್ಲ. ಸತ್ತವರಿಗೆ ರೋಗ ಅಂಟಿಸುವುದು ಸಭ್ಯತೆಯೂ ಅಲ್ಲ. ಆದರೆ ನಮ್ಮ ಸಂಘಗಳ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳ ಸ್ಮರಣ ಸಂಚಿಕೆಗಳಲ್ಲಿ ಗಲ್ಲಾ ತಲುಪಿದವರ ಭಾವಚಿತ್ರಗಳಿವೆ, ಮೋರಿಯ ಹತ್ತಿರವೇ ಉಳಿದವರ ಚಿತ್ರಗಳಿಲ್ಲ. ಗೆದ್ದವರನ್ನಷ್ಟೇ ಎಣಿಸಿ 'ನಮ್ಮ ಕಾಲದಲ್ಲಿ ಇರಲಿಲ್ಲ' ಎನ್ನುವುದು ಯಾವ ಲೆಕ್ಕ? ಮೇಲಾಗಿ ಆ ಬಾಗಿಲು ಈಗ ಮುಚ್ಚಿದೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವಂತಿಲ್ಲ. ಮುಚ್ಚಿದ್ದು ಸರಿಯೇ. ಆದರೆ ಕೂರಲಾರದ ಹುಡುಗನಿಗೆ ಇಂದು ಶಾಲೆಯ ಬೆಂಚು ಬಿಟ್ಟರೆ ಬೇರೆ ಜಾಗವಿಲ್ಲ, ಆ ಬೆಂಚಿನ ಮೇಲೆ ಹತ್ತು ಹನ್ನೆರಡು ವರ್ಷ ಕೂರಲೇಬೇಕು.

ಹಾಗಾದರೆ ಇದೇನು? ವೈದ್ಯರು ಬಳಸುವ ಅಮೆರಿಕದ ಕೈಪಿಡಿಯ 2013ರ ಆವೃತ್ತಿಯಲ್ಲಿ ಗಮನಕ್ಕೆ ಸಂಬಂಧಿಸಿದ ಒಂಬತ್ತು, ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ. ವಸ್ತುಗಳನ್ನು ಕಳೆದುಕೊಳ್ಳುವುದು, ಹೇಳಿದ್ದನ್ನು ಅರ್ಧಕ್ಕೆ ಬಿಡುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವುದು, ಸರದಿಗಾಗಿ ಕಾಯಲಾರದಿರುವುದು, ಹೀಗೆ. ಇಂಗ್ಲಿಷ್ ಎಂ.ಎ. ಓದಿದವನಿಗೆ ಕ್ರಿಯಾವಿಶೇಷಣಗಳ ಮೇಲೆ ಕಣ್ಣು ಬೀಳುವುದು ಚಾಳಿ. ಹದಿನೆಂಟು ವಾಕ್ಯಗಳಲ್ಲೂ ಒಂದು ಪದ ತಪ್ಪದೆ ಬರುತ್ತದೆ: 'ಆಗಾಗ'. 'ಎಲ್ಲ ಮಕ್ಕಳೂ ಹಾಗೆಯೇ ಅಲ್ಲವೇ' ಎನ್ನುವವರು ಸಿಕ್ಕಿಬೀಳುವುದು ಇಲ್ಲಿಯೇ. ಹೌದು, ಎಲ್ಲ ಮಕ್ಕಳೂ ಪೆನ್ಸಿಲು ಕಳೆಯುತ್ತವೆ. ಎಲ್ಲರಿಗೂ ರಕ್ತದೊತ್ತಡವೂ ಇರುತ್ತದೆ. ಪ್ರಶ್ನೆ ಇರುವುದು ಎಷ್ಟು ಎಂಬುದರಲ್ಲಿ. ಆ 'ಆಗಾಗ'ಕ್ಕೆ ಕೈಪಿಡಿ ಬೇಲಿ ಹಾಕಿದೆ. ಎರಡರಲ್ಲಿ ಒಂದು ಗುಂಪಿನಲ್ಲಾದರೂ ಆರು ಲಕ್ಷಣಗಳಿರಬೇಕು. ಅವು ಆರು ತಿಂಗಳಿಗಿಂತ ಕಡಿಮೆಯಿಲ್ಲದಂತೆ, ವಯಸ್ಸಿಗೆ ಒಪ್ಪದಷ್ಟು ಇರಬೇಕು. ಹನ್ನೆರಡು ವರ್ಷದೊಳಗೆ ತೋರಿರಬೇಕು. ಮನೆಯಲ್ಲೊಂದೇ ಅಥವಾ ಶಾಲೆಯಲ್ಲೊಂದೇ ಅಲ್ಲ, ಎರಡು ಕಡೆಯಾದರೂ ಕಾಣಬೇಕು. ಬದುಕಿಗೆ ಅಡ್ಡಿಯಾಗಿರಬೇಕು, ಬೇರೆ ಕಾರಣದಿಂದ ಬಂದದ್ದಲ್ಲವೆಂದೂ ಖಚಿತವಾಗಬೇಕು. ಹತ್ತು ನಿಮಿಷದಲ್ಲಿ ಆಗುವ ಕೆಲಸವಲ್ಲ ಇದು. ಇನ್‌ಸ್ಟಾಗ್ರಾಮ್ ನೋಡಿ ತನಗೆ ತಾನೇ ಹಚ್ಚಿಕೊಳ್ಳುವ ತಿಲಕವೂ ಅಲ್ಲ.

ಈ ಬಳಗದ ಓದುಗರಿಗೆ ಅಷ್ಟಾವಧಾನದ ಪರಿಚಯವಿದೆ. ಅವಧಾನ ಎಂದರೆ ಗಮನವೇ. ಒಬ್ಬ ಪೃಚ್ಛಕ ಸಮಸ್ಯೆ ಒಡ್ಡುತ್ತಾನೆ, ಒಬ್ಬ ನಿಷೇಧಾಕ್ಷರಿ ಹಾಕುತ್ತಾನೆ, ಒಬ್ಬ ನಡುನಡುವೆ ಗಂಟೆ ಬಾರಿಸುತ್ತಾನೆ. ಇವರೆಲ್ಲರ ನಡುವೆ ಅಪ್ರಸ್ತುತಪ್ರಸಂಗಿ ಎಂಬೊಬ್ಬನಿರುತ್ತಾನೆ. ಹೊತ್ತಿಲ್ಲದ ಹೊತ್ತಿನಲ್ಲಿ ಸಂಬಂಧವಿಲ್ಲದ ಪ್ರಶ್ನೆ ಕೇಳಿ ಅವಧಾನಿಯ ಎಳೆ ತಪ್ಪಿಸುವುದೇ ಅವನ ಕೆಲಸ. ಅವನನ್ನು ನಿಭಾಯಿಸಿದ್ದಕ್ಕೇ ನಾವು ಚಪ್ಪಾಳೆ ತಟ್ಟುವುದು. ಎಡಿಎಚ್‌ಡಿ ಇರುವ ಮಗುವಿನ ತಲೆಯಲ್ಲಿ ಈ ಪೃಚ್ಛಕರೆಲ್ಲ ಬೆಳಗಿನಿಂದ ರಾತ್ರಿಯವರೆಗೆ ಕುಳಿತೇ ಇರುತ್ತಾರೆ. ಫ್ಯಾನಿನ ಸದ್ದು, ಹಿಂದಿನ ಬೆಂಚಿನ ಪಿಸುಮಾತು, ಕಿಟಕಿಯಾಚೆ ಹೋದ ರೈಲು, ನಿನ್ನೆ ತಿಂದ ವಡಾಪಾವ್, ಎಲ್ಲಕ್ಕೂ ಒಂದೇ ತೂಕ. ಅವಧಾನಿಗೆ ವರ್ಷಗಟ್ಟಲೆಯ ಸಾಧನೆಯಿದೆ. ಈ ಮಗುವಿಗೆ, ಅಪ್ರಸ್ತುತವನ್ನು ಬಾಗಿಲಲ್ಲೇ ತಡೆಯುವ ದ್ವಾರಪಾಲಕನೇ ಇನ್ನೂ ಎಳಸು.

'ಮೊಬೈಲು ಕೊಟ್ಟರೆ ಎರಡು ಗಂಟೆ ಅಲುಗಾಡುವುದಿಲ್ಲವಲ್ಲ, ಗಮನದ ಕೊರತೆ ಎಲ್ಲಿ ಬಂತು?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 'ಗಮನದ ಕೊರತೆ' ಎಂಬ ಹೆಸರೇ ದಾರಿ ತಪ್ಪಿಸುವಂಥದು. ಗಮನ ಇದೆ, ಚುಕ್ಕಾಣಿ ಇಲ್ಲ. ಕ್ಷಣಕ್ಷಣಕ್ಕೂ ಬಹುಮಾನ ಕೊಡುವ ಆಟದೆಡೆಗೆ ಅದು ತಾನಾಗಿ ಹರಿಯುತ್ತದೆ. ಇಂದು ಬರೆದರೆ ಮಾರ್ಚಿಯಲ್ಲಿ ಫಲ ಕೊಡುವ ಮಗ್ಗಿಯೆಡೆಗೆ ತಿರುಗಿಸಿದರೂ ತಿರುಗುವುದಿಲ್ಲ. ಇದಕ್ಕೆ ಶರೀರದಲ್ಲಿ ಆಧಾರವಿದೆ. 2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮಿದುಳಿನ ಹೊರಪದರದ ಬೆಳವಣಿಗೆಯನ್ನು ವರ್ಷಗಳ ಕಾಲ ಅಳೆದು ಪ್ರಕಟಿಸಿದರು. ಸಾಮಾನ್ಯ ಮಕ್ಕಳು ಸುಮಾರು ಏಳೂವರೆ ವರ್ಷಕ್ಕೆ ತಲುಪುವ ಹಂತವನ್ನು ಎಡಿಎಚ್‌ಡಿ ಇರುವ ಮಕ್ಕಳು ಹತ್ತೂವರೆಗೆ ತಲುಪಿದರು. ತಡ ಹೆಚ್ಚಾಗಿ ಕಂಡದ್ದು ಯೋಜನೆ, ತಡೆಹಿಡಿಯುವಿಕೆಗಳನ್ನು ನೋಡಿಕೊಳ್ಳುವ ಮುಂಭಾಗದಲ್ಲಿ. ಅವಳಿಗಳ ಅಧ್ಯಯನಗಳು ಹೇಳುವಂತೆ, ಮಕ್ಕಳ ನಡುವೆ ಈ ವಿಷಯದಲ್ಲಿ ಕಾಣುವ ವ್ಯತ್ಯಾಸದ ಮುಕ್ಕಾಲು ಪಾಲಿಗೆ ಕಾರಣ ವಂಶವಾಹಿಗಳು. ಮಗನ ಪರೀಕ್ಷೆಗೆಂದು ಕೂತ ಅಪ್ಪ, ಪ್ರಶ್ನಾವಳಿ ತುಂಬುತ್ತ ತುಂಬುತ್ತ ಮೌನವಾಗುವುದು ಇದೇ ಕಾರಣಕ್ಕೆ.

ಅಂದಮೇಲೆ ತಾಯಿಯ ತಪ್ಪೇನು? ಡೊಂಬಿವಲಿಯಿಂದ ಬೆಳಿಗ್ಗೆ ಏಳರ ಫಾಸ್ಟ್ ಲೋಕಲಿಗೆ ನೇತುಬಿದ್ದು ಹೋಗುವ, ರಾತ್ರಿ ಎಂಟಕ್ಕೆ ತರಕಾರಿ ಚೀಲದೊಂದಿಗೆ ಇಳಿಯುವ ಹೆಣ್ಣಿಗೆ 'ಮಗುವಿಗೆ ಸಮಯ ಕೊಡುವುದಿಲ್ಲ' ಎನ್ನುತ್ತೇವೆ. ಕೆಲಸ ಬಿಟ್ಟು ಮನೆಯಲ್ಲಿ ಕೂತವಳಿಗೆ 'ಮುದ್ದು ಹೆಚ್ಚಾಯಿತು' ಎನ್ನುತ್ತೇವೆ. ಈ ಊರುಗಳ ಬದುಕು ಎಡಿಎಚ್‌ಡಿಯನ್ನು ಹುಟ್ಟಿಸುವುದಿಲ್ಲ, ಆದರೆ ಅದಕ್ಕೆ ಉಸಿರಾಡಲು ಜಾಗ ಕೊಡುವುದಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ. ಹುಡುಗ ಮಂಚದಿಂದ ಜಿಗಿದರೆ ಕೆಳಗಿನ ಮನೆಯವರು ಸೊಸೈಟಿಗೆ ಅರ್ಜಿ ಕೊಡುತ್ತಾರೆ. ಆಟದ ಬಯಲಿನಲ್ಲಿ ಕಾರು ನಿಂತಿರುತ್ತವೆ. ಶಾಲೆ ಮುಗಿದರೆ ಕ್ಲಾಸು, ಕ್ಲಾಸು ಮುಗಿದರೆ ಇನ್ನೊಂದು ಕ್ಲಾಸು, ಎಲ್ಲ ಕಡೆ ಕೂರುವುದೇ.

ಎದುರಾಳಿಯ ಬಲವಾದ ವಾದವನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 2022ರ ಸಮೀಕ್ಷೆಯಂತೆ ಮೂರರಿಂದ ಹದಿನೇಳು ವರ್ಷದವರಲ್ಲಿ ಒಂಬತ್ತಕ್ಕೊಬ್ಬರು ಎಂದಾದರೂ ಈ ಹೆಸರು ಹಚ್ಚಿಸಿಕೊಂಡವರು. ಜಗತ್ತಿನ ಅಧ್ಯಯನಗಳ ಸರಾಸರಿ ನೂರಕ್ಕೆ ಐದರ ಸುಮಾರು. ಎರಡರ ನಡುವಿನ ಅಂತರ ಅನುಮಾನ ಹುಟ್ಟಿಸುವಂಥದೇ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಗತಿಗೆಲ್ಲ ಕಿರಿಯರಾದ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ ಈ ನಿರ್ಣಯ ಸಿಗುವ ಸಂಭವ, ಜನವರಿಯಲ್ಲಿ ಹುಟ್ಟಿದವರಿಗಿಂತ ನೂರಕ್ಕೆ ಮೂವತ್ತರಷ್ಟು ಹೆಚ್ಚಾಗಿತ್ತು. ಅಂದರೆ ಕೆಲವು ಕಡೆ ಬರಿಯ ಎಳೆತನವನ್ನೇ ಕಾಯಿಲೆಯೆಂದು ಓದಲಾಗಿದೆ. ಮಹಾರಾಷ್ಟ್ರದಲ್ಲೂ ಡಿಸೆಂಬರ್ 31ಕ್ಕೆ ಆರು ತುಂಬುವ ಮಗು ಆ ಜೂನಿನಲ್ಲೇ ಒಂದನೆಯ ತರಗತಿಗೆ ಸೇರಬಹುದು, ಅಂದರೆ ಐದೂವರೆಗೇ. ಹಾಗೆ ಸೇರಿಸಿದ ಮಗು ಕೂರಲಿಲ್ಲವೆಂದರೆ ಮೊದಲು ಹುಟ್ಟಿದ ತಿಂಗಳನ್ನು ನೋಡಿ, ಆಮೇಲೆ ವೈದ್ಯರನ್ನು.

ಆದರೆ ಅಮೆರಿಕದ ಅತಿರೇಕವನ್ನು ತೋರಿಸಿ ಕಲ್ಯಾಣದಲ್ಲಿ ಕೈಕಟ್ಟಿ ಕೂರುವುದು, ಪರದೇಶದಲ್ಲಿ ಯಾರೋ ಅತಿಯಾಗಿ ಉಂಡರೆಂದು ನಮ್ಮ ಮಗುವಿನ ತಟ್ಟೆ ಎಳೆದುಕೊಂಡಂತೆ. ನಮ್ಮಲ್ಲಿ ಕೊರತೆ ಇರುವುದು ಇನ್ನೊಂದು ದಿಕ್ಕಿನಲ್ಲಿ. ನವಿಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ಕೂಲಿಗಾಗಿ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದವರೂ ಇದ್ದಾರೆ, ಅವರೂ ಕನ್ನಡಿಗರೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಪಾಲಿಕೆ ಶಾಲೆಯಲ್ಲಿ ಮರಾಠಿ ಎಂಬ ಸ್ಥಿತಿಯಲ್ಲಿರುವ ಅವರ ಮಗು ಪಾಠ ಕೇಳದಿದ್ದರೆ ಅದು ಭಾಷೆಯ ತೊಡಕೋ, ಕಿವಿಯ ದೋಷವೋ, ಹಸಿವೋ, ಎಡಿಎಚ್‌ಡಿಯೋ ಎಂದು ಕೇಳುವವರೇ ಇಲ್ಲ. ಅದು ಒಂದು ದಿನ ಶಾಲೆಗೆ ಹೋಗುವುದನ್ನು ನಿಲ್ಲಿಸುತ್ತದೆ, ಅಷ್ಟೇ.

ಹುಡುಗಿಯರ ಮಾತನ್ನೂ ಆಡಬೇಕು. ಓಡಾಡದೆ, ಜಗಳವಾಡದೆ, ಒಳಗೊಳಗೇ ಅಲೆಯುವ ಬಗೆಯೊಂದು ಇದೆ. ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು ಅದೇ. ಅವಳಿಂದ ಯಾರಿಗೂ ತೊಂದರೆಯಿಲ್ಲವಾದ್ದರಿಂದ ಯಾರೂ ದೂರು ಹೇಳುವುದಿಲ್ಲ. 'ಪಾಪದ ಹುಡುಗಿ, ಓದಿನಲ್ಲಿ ಅಷ್ಟಕ್ಕಷ್ಟೇ' ಎಂದು ತೀರ್ಪಾಗುತ್ತದೆ. ಅನೇಕರಿಗೆ ಇದು ತಿಳಿಯುವುದು ಮದುವೆಯಾಗಿ, ತಮ್ಮ ಮಗುವನ್ನು ವೈದ್ಯರ ಬಳಿ ಕರೆದೊಯ್ದಾಗ. ದೊಡ್ಡವರಿಗೂ ಇದು ಇರುತ್ತದೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಾದದ್ದು 2024ರಲ್ಲಿ, ಮಲಯಾಳದ ನಟ ಫಹಾದ್ ಫಾಸಿಲ್ ತನಗೆ 41ರ ವಯಸ್ಸಿನಲ್ಲಿ ಇದು ಪತ್ತೆಯಾಯಿತೆಂದು ಬಹಿರಂಗವಾಗಿ ಹೇಳಿದಾಗ.

ಇನ್ನು ಸರಕಾರ. ಅದರ ಉಪ್ಪು ತಿನ್ನುವವನಾಗಿಯೇ ಹೇಳುತ್ತೇನೆ, ಇಲ್ಲಿ ಬಲಗೈ ಬರೆದದ್ದನ್ನು ಎಡಗೈ ಓದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ಮೂವತ್ತು ಸಮಸ್ಯೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಎಡಿಎಚ್‌ಡಿ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಹುಡುಕುವಾಗ ಇರುವ ಕಾಯಿಲೆ ಹಕ್ಕು ಕೇಳುವಾಗ ಮಾಯ. ಕೇಂದ್ರ ನೌಕರರಿಗೆ ಸಿಗುವ ಮಕ್ಕಳ ಶಿಕ್ಷಣ ಭತ್ಯೆ ಅಂಗವಿಕಲ ಮಗುವಾದರೆ ಇಮ್ಮಡಿ. ಪ್ರಮಾಣಪತ್ರವಿದ್ದರೆ ಮಾತ್ರ ಅದು ಸಿಗುವುದು, ಪಟ್ಟಿಯಲ್ಲಿಲ್ಲದ್ದಕ್ಕೆ ಪ್ರಮಾಣಪತ್ರ ಎಲ್ಲಿಂದ ಬರಬೇಕು? ದುಡ್ಡಿನ ಮಾತು ಬಿಡಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸವಲತ್ತು ಕೇಳುವಾಗಲೂ ಇದೇ ಗೋಡೆ ಎದುರಾಗುತ್ತದೆ. ಈ ಮಕ್ಕಳಲ್ಲಿ ಕೆಲವರಿಗೆ ಡಿಸ್ಲೆಕ್ಸಿಯವೂ ಜೊತೆಗಿರುತ್ತದೆ. ಅಂಥವರು ಸಯನ್‌ನ ಲೋಕಮಾನ್ಯ ತಿಲಕ ಆಸ್ಪತ್ರೆಯಂಥ ಕಡೆ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಪಡೆಯಬಹುದು. ಪಕ್ಕದ ಕಟ್ಟಡದ ಆ ತಾಯಿ ಒಂದು ಸಂಜೆ ನನ್ನ ಹೆಂಡತಿಯೊಡನೆ, "ಅಕ್ಕಾ, ಇವನಿಗೆ ಡಿಸ್ಲೆಕ್ಸಿಯವೂ ಇದ್ದಿದ್ದರೆ ಒಳ್ಳೆಯದಿತ್ತು" ಎಂದರಂತೆ. ಮಗುವಿಗೆ ಇನ್ನೂ ಒಂದು ತೊಂದರೆ ಇರಲಿ ಎಂದು ತಾಯಿಯೊಬ್ಬಳು ಬಯಸುವಂತೆ ಮಾಡುವ ಕಾನೂನನ್ನು ಏನೆಂದು ಕರೆಯಬೇಕು? ಆ ಹುಡುಗನ ಶಾಲೆ ಅಷ್ಟು ಹೊತ್ತಿಗಾಗಲೇ ಅವರನ್ನು ಕರೆಸಿ, ಬಹಳ ವಿನಯದಿಂದ, ಬೇರೆ ಶಾಲೆ ನೋಡಿಕೊಳ್ಳಲು ಸೂಚಿಸಿತ್ತು.

ಔಷಧದ ಹೆಸರು ಕೇಳಿದರೆ ನಮ್ಮವರು ಬೆಚ್ಚುತ್ತಾರೆ. ಮೀಥೈಲ್‌ಫೆನಿಡೇಟ್ ಎಂಬ ಮದ್ದು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ತಯಾರಾದದ್ದು. ನಮ್ಮ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿ ಅದರ ಹೆಸರಿರುವುದರಿಂದ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಚೀಟಿಯಿಲ್ಲದೆ ಕೊಡುವಂತೆಯೂ ಇಲ್ಲ. ಹಸಿವು ತಗ್ಗುತ್ತದೆ, ನಿದ್ದೆ ಕೆಡಬಹುದು, ತೂಕ ಎತ್ತರಗಳ ಮೇಲೆ ಕಣ್ಣಿಡಬೇಕು. ಇವೆಲ್ಲ ನಿಜ. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹದಿನಾಲ್ಕು ತಿಂಗಳ ಕೊನೆಗೆ, ಬರಿಯ ವರ್ತನಾ ಚಿಕಿತ್ಸೆಗಿಂತ ಎಚ್ಚರದಿಂದ ಕೊಟ್ಟ ಔಷಧವೇ ಮೂಲ ಲಕ್ಷಣಗಳನ್ನು ಹೆಚ್ಚು ತಗ್ಗಿಸಿತೆಂಬುದೂ ನಿಜ. ಮೂರನೆಯ ವರ್ಷಕ್ಕೆ ಬರುವಾಗ ಆ ಗುಂಪಿನ ಮುನ್ನಡೆ ಉಳಿದಿರಲಿಲ್ಲವೆಂಬುದೂ ನಿಜ. ಆದ್ದರಿಂದ ಮಾತ್ರೆಯೊಂದೇ ಸಾಲದು. ತಂದೆತಾಯಿಗೆ ತರಬೇತಿ, ಶಿಕ್ಷಕರ ಸಹಕಾರ, ದಿನಚರಿ, ಓಡಲು ಜಾಗ ಎಲ್ಲವೂ ಬೇಕು. ತೀರ ಚಿಕ್ಕವರಿಗೆ ಮೊದಲು ತಂದೆತಾಯಿಯ ತರಬೇತಿಯೇ. ಮಾತ್ರೆ ಕೊಡುವುದೋ ಬೇಡವೋ ಎಂಬುದು ವೈದ್ಯರಿಗೂ ತಂದೆತಾಯಿಗೂ ಬಿಟ್ಟದ್ದು. ರಕ್ತದೊತ್ತಡಕ್ಕೆ ದಿನವೂ ಎರಡು ಮಾತ್ರೆ ನುಂಗುವ ಹಿರಿಯರು ಆ ಮಗುವಿನ ಮಾತ್ರೆಯ ಬಗ್ಗೆ ಸಭೆಯಲ್ಲಿ ತತ್ತ್ವ ಹೇಳಬೇಕಾಗಿಲ್ಲ. ಇನ್ನು 'ಎರಡು ಬಿಡುವ' ಚಿಕಿತ್ಸೆಯನ್ನು ಶಾಲೆಯ ಮಟ್ಟಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮೇ ನಿಷೇಧಿಸಿದೆ.

ನಮ್ಮ ಸಂಘಗಳು ಯಕ್ಷಗಾನ ಆಡಿಸುತ್ತವೆ, ಕಣ್ಣಿನ ತಪಾಸಣೆಯ ಶಿಬಿರ ನಡೆಸುತ್ತವೆ, ಪ್ರತಿಭಾ ಪುರಸ್ಕಾರ ಕೊಡುತ್ತವೆ. ನೂರಕ್ಕೆ ತೊಂಬತ್ತು ತೆಗೆದವರ ಹೆಸರು ಕೂಗಿ ಶಾಲು ಹೊದಿಸುವ ಆ ದಿನ ಈ ತಾಯಂದಿರು ಮನೆಯಲ್ಲೇ ಉಳಿಯುತ್ತಾರೆ. ವರ್ಷಕ್ಕೊಂದು ಸಂಜೆ ಮಕ್ಕಳ ಮನೋವೈದ್ಯರೊಬ್ಬರನ್ನು ಕರೆಸಿ ಕನ್ನಡದಲ್ಲಿ, ತುಳುವಿನಲ್ಲಿ ಮಾತನಾಡಿಸುವುದು ಕಷ್ಟವೇ? ಮುಂಬಯಿಯ ಆಸ್ಪತ್ರೆಗಳಲ್ಲಿ ನಮ್ಮವರೇ ಆದ ವೈದ್ಯರಿಗೆ ಬರವಿಲ್ಲ. ವಾಶಿಯಲ್ಲಿ ನವಿಮುಂಬಯಿ ಮಹಾನಗರಪಾಲಿಕೆ ವಿಶೇಷ ಮಕ್ಕಳಿಗಾಗಿ ನಡೆಸುವ ಇ.ಟಿ.ಸಿ. ಕೇಂದ್ರವಿದೆ. ಅಲ್ಲಿಗೆ ಹೋಗುವ ದಾರಿಯನ್ನಾದರೂ ಸಂಘದ ಫಲಕದಲ್ಲಿ ಹಾಕಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅದರ ಹಿಂದೆ ನಿಂತಿರುವ ಕೇಂದ್ರ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಮಗುವಿನ ಕಷ್ಟವನ್ನು ತಾಯಿ ತನ್ನ ಭಾಷೆಯಲ್ಲಿ ಹೇಳಿಕೊಂಡಾಗ ಸಿಗುವ ವಿವರವೇ ಬೇರೆ. ಇಂಗ್ಲಿಷಿನಲ್ಲಿ ಆಕೆ 'ನಾಟಿ' ಎಂಬ ಒಂದು ಪದದಲ್ಲಿ ಮುಗಿಸಿಬಿಡುತ್ತಾಳೆ.

ಈ ಜನವರಿಯಲ್ಲಿ ವಾಶಿಯಲ್ಲೊಂದು ಕವಿಗೋಷ್ಠಿ ಇತ್ತು. ಹೊರಡುವ ಮುನ್ನ ನಾನೇ ಹೋಗಿ ಆಕೆಯನ್ನು ಕರೆದೆ. "ಬೇಡ ಅಣ್ಣಾ, ಇವನನ್ನು ಕಟ್ಟಿಕೊಂಡು..." ಎಂದು ಅನುಮಾನಿಸಿದರು. ಬಾಗಿಲ ಹತ್ತಿರದ ಕುರ್ಚಿ ಹಿಡಿಯೋಣ ಎಂದೆ. ಹಿಡಿದೆವು. ಮೊದಲ ಮೂವರು ಕವಿಗಳು ಓದುವಷ್ಟರಲ್ಲಿ ಹುಡುಗ ನಾಲ್ಕು ಸಲ ಹೊರಗೆ ಹೋಗಿ ಬಂದ. ಅವನಿಗೆ ಜೊತೆಯೆಂದು ನಾನು ಎರಡು ಸಲ ಹೋದೆ. ಹೊರಗೆ ಅವನು ಸಾನ್‌ಪಾಡಾದ ಕಡೆಯಿಂದ ಬರುವ ಲೋಕಲುಗಳ ಡಬ್ಬಿ ಎಣಿಸುತ್ತಿದ್ದ, ಹನ್ನೆರಡು, ಮತ್ತೂ ಹನ್ನೆರಡು. ಒಂದು ಸಲವೂ ತಪ್ಪಲಿಲ್ಲ. ಒಳಗೆ ಬಂದಾಗ ನಾಲ್ಕನೆಯ ಕವಿಯ ಪದ್ಯ ನನಗೆ ಅರ್ಧ ತಪ್ಪಿಹೋಗಿತ್ತು. ಆಕೆ ಪೂರ್ತಿ ಕೇಳಿದ್ದರು.